ಮರೀನ್ ಡ್ರೈವ್‌ನ ಆಕಾಶಕ್ಕೆ ಯಾವ ಟೆಲಿಫೋಟೊ ಲೆನ್ಸ್? ಮೂರು ಜೂಮ್‌ಗಳ ವಿಮರ್ಶೆ

ವೈಮಾನಿಕ ಪ್ರದರ್ಶನಗಳ ಚಿತ್ರ ತೆಗೆಯಲೆಂದು ಉದ್ದನೆಯ ಲೆನ್ಸ್ ಕೊಳ್ಳಹೊರಟವರು ಮೊದಲು ಕೇಳುವುದು ಅದು ಎಷ್ಟು ದೂರದ್ದನ್ನು ಹತ್ತಿರಕ್ಕೆ ತರುತ್ತದೆ ಎಂದು. 400 ಮಿ.ಮೀ. (ಲೆನ್ಸಿನ ಫೋಕಲ್ ಲೆಂತ್; ಅದು ಹೆಚ್ಚಿದಷ್ಟೂ ದೂರದ್ದು ದೊಡ್ಡದಾಗಿ ಕಾಣುತ್ತದೆ, ನೋಟ ಕಿರಿದಾಗುತ್ತದೆ) ಸಾಕೇ, 600 ಬೇಕೇ, 800 ಇದ್ದರೆ ಇನ್ನೂ ಮೇಲೇ ಎಂಬ ವಿಚಾರದಲ್ಲೇ ಮಾತು ಮುಗಿದುಹೋಗುತ್ತದೆ. ಮುಂಬಯಿಯಲ್ಲಿ, ಅದರಲ್ಲೂ ಮರೀನ್ ಡ್ರೈವ್‌ನ ಕಟ್ಟೆಯ ಬಳಿ ಜನರ ನಡುವೆ ನಿಂತು ಚಿತ್ರ ತೆಗೆಯಬೇಕಾದವರು ಮೊದಲು ನೋಡಬೇಕಾದದ್ದು ಆ ಲೆನ್ಸ್ ಯಾವ ಅಂಕಿಯಿಂದ ಶುರುವಾಗುತ್ತದೆ ಎಂಬುದನ್ನು. ಆಮೇಲೆ ಅದರ ತೂಕವನ್ನು. ಕೊನೆಗೆ ಅದರ ತುದಿಯ ಅಂಕಿಯನ್ನು. ಮಾಟುಂಗಾ, ಚೆಂಬೂರು, ಡೊಂಬಿವಲಿ ಕಡೆಯ ನಾವು ಕೆಲವು ಕನ್ನಡದ ಗೆಳೆಯರು ಬೇರೆ ಬೇರೆ ಕಂಪನಿಗಳ ಕ್ಯಾಮೆರಾ ಇಟ್ಟುಕೊಂಡಿರುವುದರಿಂದ ಒಬ್ಬರ ಲೆನ್ಸನ್ನು ಇನ್ನೊಬ್ಬರು ಬಳಸಿ ನೋಡುವ ಅವಕಾಶ ನಮಗಿದೆ. ಕ್ಯಾನನ್ ಆರ್‌ಎಫ್ 100–500, ನಿಕಾನ್ ಝಡ್ 180–600 ಮತ್ತು ಸೋನಿ 200–600, ಈ ಮೂರರ ಬಗ್ಗೆ ಇಲ್ಲಿ ಬರೆದಿರುವುದು ಆ ಬಳಕೆಯ ಆಧಾರದಿಂದ.

ಮೊದಲು ಆಕಾಶದಲ್ಲಿ ಏನು ನಡೆಯುತ್ತದೆ ಎಂಬುದನ್ನು ನೋಡೋಣ. 2024ರ ಜನವರಿ 12ರಿಂದ 14ರವರೆಗೆ ಭಾರತೀಯ ವಾಯುಪಡೆಯು ಮರೀನ್ ಡ್ರೈವ್‌ನ ಸಮುದ್ರದ ಮೇಲೆ ಮಧ್ಯಾಹ್ನ 12ರಿಂದ 1ರ ನಡುವೆ ಪ್ರದರ್ಶನ ನೀಡಿತು. ಸೂರ್ಯಕಿರಣ ತಂಡದ ಒಂಬತ್ತು ಹಾಕ್ ವಿಮಾನಗಳು, ಸಾರಂಗ ತಂಡದ ಧ್ರುವ್ ಹೆಲಿಕಾಪ್ಟರ್‌ಗಳು, ಸುಖೋಯ್-30, ಆಕಾಶಗಂಗಾ ತಂಡದ ಪ್ಯಾರಾಚೂಟ್ ಜಿಗಿತ, ಇವೆಲ್ಲವೂ ಅದರಲ್ಲಿದ್ದವು. ಸೂರ್ಯಕಿರಣ ತಂಡದ ನೆಲೆ ನಮ್ಮ ಬೀದರ್; ಹಾಕ್ ಮತ್ತು ಧ್ರುವ್ ಎರಡೂ ತಯಾರಾದದ್ದು ಬೆಂಗಳೂರಿನ ಎಚ್‌ಎಎಲ್‌ನಲ್ಲಿ. ಮುಂಬಯಿಯ ಕನ್ನಡಿಗರು ಕಡಲ ದಂಡೆಯಲ್ಲಿ ನಿಂತು ಅವುಗಳನ್ನು ನೋಡುವಾಗ ಆಗುವ ಸಂತೋಷದಲ್ಲಿ ಈ ಸಂಗತಿಯ ಪಾಲೂ ಇದೆ.

ಈಗ ಲೆಕ್ಕಕ್ಕೆ ಬರೋಣ. ಹಾಕ್ ವಿಮಾನದ ಉದ್ದ ಸುಮಾರು 12.4 ಮೀಟರ್. ಫುಲ್ ಫ್ರೇಮ್ ಕ್ಯಾಮೆರಾದಲ್ಲಿ ಚಿತ್ರ ಮೂಡುವ ಸೆನ್ಸರ್ 36 ಮಿ.ಮೀ. ಅಗಲವಿರುತ್ತದೆ. ಅರ್ಧ ಕಿಲೋಮೀಟರ್ ದೂರದಲ್ಲಿ ಒಂದೇ ಒಂದು ಹಾಕ್ ನಮಗೆ ಅಡ್ಡವಾಗಿ ಹಾದುಹೋದರೆ 400 ಮಿ.ಮೀ.ನಲ್ಲಿ ಅದು ಚೌಕಟ್ಟಿನ ಕಾಲು ಭಾಗಕ್ಕಿಂತ ತುಸು ಹೆಚ್ಚು ಅಗಲವನ್ನೂ, 500ರಲ್ಲಿ ಮೂರನೇ ಒಂದು ಭಾಗಕ್ಕಿಂತ ತುಸು ಹೆಚ್ಚನ್ನೂ, 600ರಲ್ಲಿ ನೂರಕ್ಕೆ 41ರಷ್ಟನ್ನೂ ತುಂಬುತ್ತದೆ. ಒಂಟಿ ವಿಮಾನದ ಮಟ್ಟಿಗೆ 600ರ ಲಾಭ ಸ್ಪಷ್ಟವಾಗಿಯೇ ಇದೆ. ಆದರೆ ಅದೇ ದೂರದಲ್ಲಿ 600 ಮಿ.ಮೀ. ಲೆನ್ಸಿಗೆ ಕಾಣುವುದು 30 ಮೀಟರ್ ಅಗಲದ ಆಕಾಶ ಮಾತ್ರ. 200ರಲ್ಲಿ 90 ಮೀಟರ್, 180ರಲ್ಲಿ 100 ಮೀಟರ್, 100 ಮಿ.ಮೀ.ನಲ್ಲಿ 180 ಮೀಟರ್. ಒಂಬತ್ತು ವಿಮಾನಗಳು ಒಟ್ಟಾಗಿ ಬಂದು, ಹೊಗೆಯ ಗೆರೆಗಳನ್ನು ಹಿಂದೆ ಬಿಡುತ್ತ, ನಮ್ಮ ಮುಂದೆ ಹೂವಿನಂತೆ ಬಿಚ್ಚಿಕೊಳ್ಳುವ ಗಳಿಗೆಯಲ್ಲಿ 90 ಮೀಟರ್ ಏನೇನೂ ಸಾಲದು. ಇಡೀ ಪ್ರದರ್ಶನದಲ್ಲಿ ಜನ ನೆನಪಿಟ್ಟುಕೊಳ್ಳುವ ದೃಶ್ಯ ಅದು. 200ರಿಂದ ಶುರುವಾಗುವ ಲೆನ್ಸ್ ಒಂದನ್ನೇ ಹಿಡಿದು ನಿಂತವರಿಗೆ ಅದರ ತುಂಡುಗಳಷ್ಟೇ ಸಿಗುತ್ತವೆ. ಎರಡನೆಯ ಕ್ಯಾಮೆರಾವನ್ನು ಕೊರಳಿಗೆ ಹಾಕಿಕೊಳ್ಳಬಹುದು ಎನ್ನುವವರಿದ್ದಾರೆ. ಬಯಲಿನಲ್ಲಿ ಅದು ಸರಿಯಾದ ಉಪಾಯವೇ. ಭುಜಕ್ಕೆ ಭುಜ ತಾಗುವ ಜನಸಂದಣಿಯಲ್ಲಿ ಒಂದನ್ನು ಕೆಳಗಿಳಿಸಿ ಇನ್ನೊಂದನ್ನು ಕಣ್ಣಿಗೆತ್ತಿಕೊಳ್ಳುವಷ್ಟರಲ್ಲಿ ವಿಮಾನಗಳು ಮಲಬಾರ್ ಹಿಲ್ ದಾಟಿರುತ್ತವೆ.

ಇನ್ನೊಂದು ಸಂಗತಿ ಗಾಳಿಯದು. ಮುಂಬಯಿಯ ಚಳಿಗಾಲದ ಗಾಳಿಯಲ್ಲಿ ಧೂಳು, ಹೊಗೆ, ಕಡಲ ತೇವ ಮೂರೂ ಬೆರೆತಿರುತ್ತವೆ. ಲೆನ್ಸ್ ಎಷ್ಟೇ ಒಳ್ಳೆಯದಾಗಿದ್ದರೂ ಅದು ವಿಮಾನದ ಜೊತೆಗೆ ನಡುವಿನ ಗಾಳಿಯನ್ನೂ ದೊಡ್ಡದು ಮಾಡಿ ತೋರಿಸುತ್ತದೆ. ಕಿಲೋಮೀಟರ್ ದಾಟಿದ ವಿಮಾನವನ್ನು 600ರಲ್ಲಿ ತೆಗೆದಾಗ ಆಕಾರ ದೊಡ್ಡದಾಗುತ್ತದೆಯೇ ಹೊರತು ರೆಕ್ಕೆಯ ಮೇಲಿನ ಅಕ್ಷರಗಳು, ಪೈಲಟ್‌ನ ಹೆಲ್ಮೆಟ್ಟು ಸ್ಪಷ್ಟವಾಗುವುದಿಲ್ಲ, ಅಂಚುಗಳು ಕಲಸಿದಂತಿರುತ್ತವೆ. ಆದ್ದರಿಂದ ಮುಂಬಯಿಯಲ್ಲಿ ಉದ್ದನೆಯ ತುದಿ ಕೆಲಸಕ್ಕೆ ಬರುವುದು ಹತ್ತಿರ ಹಾದುಹೋಗುವ ವಿಮಾನವನ್ನು ಇನ್ನಷ್ಟು ತುಂಬಿಕೊಳ್ಳಲು, ದೂರದಲ್ಲಿರುವುದನ್ನು ಎಳೆದು ತರಲು ಅಲ್ಲ. ಇದನ್ನು ಒಪ್ಪಿಕೊಂಡರೆ 500 ಮತ್ತು 600ರ ನಡುವಿನ ಅಂತರ ತನ್ನಿಂದ ತಾನೇ ಕಿರಿದಾಗುತ್ತದೆ. 45 ಮೆಗಾಪಿಕ್ಸೆಲ್ ಕ್ಯಾಮೆರಾದಲ್ಲಿ 500ರ ಚಿತ್ರವನ್ನು 600ರ ನೋಟಕ್ಕೆ ಕತ್ತರಿಸಿದರೆ 31 ಮೆಗಾಪಿಕ್ಸೆಲ್ ಉಳಿಯುತ್ತದೆ. ಗೋಡೆಗೆ ಹಾಕುವ ದೊಡ್ಡ ಪ್ರಿಂಟಿಗೂ ಅಷ್ಟು ಸಾಕು.

ನಿಲ್ಲುವ ಜಾಗವೂ ಲೆನ್ಸಿನ ಅರ್ಧದಷ್ಟು ಕೆಲಸ ಮಾಡುತ್ತದೆ. ಜನವರಿಯ ನಡುವಿನಲ್ಲಿ ಮುಂಬಯಿಯ ಸೂರ್ಯ ನೆತ್ತಿಗೆ ಬರದೆ ದಕ್ಷಿಣಕ್ಕೆ ವಾಲಿ, ಮಧ್ಯಾಹ್ನ ಹನ್ನೆರಡೂ ಮುಕ್ಕಾಲರ ಹೊತ್ತಿಗೆ ದಿಗಂತದಿಂದ ಸುಮಾರು 50 ಡಿಗ್ರಿ ಎತ್ತರದಲ್ಲಿರುತ್ತಾನೆ. ಗಿರಗಾಂವ್ ಚೌಪಾಟಿಯಲ್ಲಿ ನಿಂತು ದಕ್ಷಿಣಕ್ಕೆ ಮುಖ ಮಾಡಿದರೆ ಬೆಳಕು ಎದುರಿಗೆ ಬಂದು ವಿಮಾನಗಳು ಕಪ್ಪು ನೆರಳುಗಳಾಗುತ್ತವೆ. ನರೀಮನ್ ಪಾಯಿಂಟ್ ತುದಿಯಲ್ಲಿ ನಿಂತು ಕೊಲ್ಲಿಯ ಆಚೆಗೆ, ಉತ್ತರದತ್ತ ನೋಡಿದರೆ ಅದೇ ಬೆಳಕು ಬೆನ್ನ ಹಿಂದಿನಿಂದ ಬರುತ್ತದೆ; ಸೂರ್ಯಕಿರಣದ ಕೆಂಪು ಬಿಳಿ ಬಣ್ಣ ತನ್ನ ನಿಜವಾದ ಹೊಳಪಿನಲ್ಲಿ ಸಿಗುತ್ತದೆ. ಲಕ್ಷಗಟ್ಟಲೆ ಕೊಟ್ಟು ಲೆನ್ಸ್ ಬದಲಾಯಿಸುವ ಮೊದಲು ಒಂದು ಮೈಲಿ ನಡೆದು ಜಾಗ ಬದಲಾಯಿಸಿ ನೋಡಬೇಕೆಂದು ನಾನು ಎಲ್ಲರಿಗೂ ಹೇಳುತ್ತೇನೆ.

ಕ್ಯಾನನ್ ಆರ್‌ಎಫ್ 100–500 ಬಂದದ್ದು 2020ರಲ್ಲಿ. ಟ್ರೈಪಾಡಿಗೆ ಕೂರಿಸುವ ಬಳೆಯನ್ನು, ಅಂದರೆ ಕಾಲರ್ ಅನ್ನು, ತೆಗೆದರೆ ತೂಕ 1,365 ಗ್ರಾಂ. ಈ ವಿಮರ್ಶೆಯಲ್ಲಿ ನಾನು ಹೆಚ್ಚು ಒತ್ತು ಕೊಡುವ ಅಂಕಿ ಇದೇ. ಕಟ್ಟೆಯ ಮೇಲೆ ಟ್ರೈಪಾಡ್ ಬಿಚ್ಚಲು ಜಾಗವಿಲ್ಲ. ಬಿಚ್ಚಿದರೂ ತಲೆಯ ಮೇಲೆ ಹಾರಿಹೋಗುವ ವಿಮಾನವನ್ನು ಅದರಿಂದ ಹಿಂಬಾಲಿಸಲಾಗದು. ಹೀಗಾಗಿ ಇಡೀ ಪ್ರದರ್ಶನವನ್ನು ಕೈಯಲ್ಲೇ ಹಿಡಿದು ತೆಗೆಯಬೇಕು. ಎರಡು ಕಿಲೋ ಲೆನ್ಸ್ ಮತ್ತು ಕ್ಯಾಮೆರಾ ಸೇರಿದ ಭಾರವನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಎಡದಿಂದ ಬಲಕ್ಕೆ ತಿರುಗುತ್ತಿದ್ದರೆ ಅರ್ಧ ಗಂಟೆಯಲ್ಲಿ ತೋಳು ನಡುಗತೊಡಗುತ್ತದೆ. ತೋಳು ನಡುಗಿದಾಗ ಅಲುಗಾಟ ತಡೆಯುವ ಯಾವ ಸ್ಟೆಬಿಲೈಸೇಷನ್ನೂ ಪೂರ್ತಿ ನೆರವಿಗೆ ಬಾರದು. 100–500ರಲ್ಲಿ ಕೊನೆಯ ಸುತ್ತಿನವರೆಗೂ ಕೈ ಸ್ಥಿರವಾಗಿರುತ್ತದೆ. ಮಡಚಿದಾಗ 21 ಸೆಂ.ಮೀ.ಗೂ ಕಡಿಮೆ ಉದ್ದವಿರುವುದರಿಂದ ಸಾಧಾರಣ ಬೆನ್ನಚೀಲದಲ್ಲಿ ನೆಟ್ಟಗೆ ಕೂರುತ್ತದೆ. ಲೋಕಲ್ ರೈಲಿನಲ್ಲಿ ಚರ್ಚ್‌ಗೇಟ್‌ವರೆಗೆ ನಿಂತು ಬರುವವರಿಗೆ ಇದು ಸಣ್ಣ ಅನುಕೂಲವಲ್ಲ.

ಇದರ ಬಗ್ಗೆ ಎಲ್ಲರೂ ಆಡುವ ಆಕ್ಷೇಪ ತುದಿಯಲ್ಲಿ ಅಪರ್ಚರ್ (ಬೆಳಕು ಒಳಬರುವ ಕಿಂಡಿ; ಅಂಕಿ ಹೆಚ್ಚಿದಷ್ಟೂ ಕಿರಿದು) ಎಫ್ 7.1 ಆಗುತ್ತದೆ ಎಂಬುದು. 470 ಮಿ.ಮೀ. ಆಸುಪಾಸು ದಾಟಿದ ಮೇಲೆಯೇ ಅದು 7.1, ಅದಕ್ಕಿಂತ ಮುಂಚೆ 6.3. ಈ ಎರಡರ ನಡುವಿನ ವ್ಯತ್ಯಾಸ, ಬೆಳಕು ಇಮ್ಮಡಿಸುವ ಅಂತರವಾದ ಒಂದು ಸ್ಟಾಪ್‌ನ ಮೂರನೇ ಒಂದು ಭಾಗ ಮಾತ್ರ. ನೆತ್ತಿ ಸುಡುವ ಮಧ್ಯಾಹ್ನದ ಬಿಸಿಲಿನಲ್ಲಿ, ಬೆಳಕಿಗೆ ಸೆನ್ಸರ್ ತೋರುವ ಸೂಕ್ಷ್ಮತೆಯಾದ ಐಎಸ್‌ಒ 400 ಇಟ್ಟರೆ ಎಫ್ 7.1ರಲ್ಲಿಯೂ ಸೆಕೆಂಡಿನ 2,000ನೇ ಒಂದು ಭಾಗದ ಶಟರ್ ಆರಾಮವಾಗಿ ಸಿಗುತ್ತದೆ. ಕಾಡಿನ ನಸುಕಿನಲ್ಲಿ ಹುಲಿ ಹುಡುಕುವವರು ಈ ಆಕ್ಷೇಪ ಎತ್ತಿದರೆ ಒಪ್ಪುತ್ತೇನೆ. ವೈಮಾನಿಕ ಪ್ರದರ್ಶನಕ್ಕೆ ಅದು ಅನ್ವಯಿಸುವುದಿಲ್ಲ. ನಿಜವಾದ ಕೊರತೆಗಳು ಬೇರೆ ಇವೆ. ಜೂಮ್ ಮಾಡಿದಾಗ ಕೊಳವೆ ಮುಂದಕ್ಕೆ ಚಾಚುವುದರಿಂದ ತೂಕದ ಸಮತೋಲ ಬದಲಾಗುತ್ತದೆ. ನೋಟವನ್ನು ಇನ್ನಷ್ಟು ಹತ್ತಿರ ತರಲು ಲೆನ್ಸಿಗೂ ಕ್ಯಾಮೆರಾಕ್ಕೂ ನಡುವೆ ಸೇರಿಸುವ ಟೆಲಿಕನ್ವರ್ಟರ್ ಹಾಕಿದರೆ 300 ಮಿ.ಮೀ.ಗಿಂತ ಹಿಂದಕ್ಕೆ ಜೂಮ್ ಮಾಡಲಾಗುವುದಿಲ್ಲ. 100ರಿಂದ ಶುರುವಾಗುವ ಗುಣವೇ ಇದರ ಹೆಚ್ಚುಗಾರಿಕೆಯಾಗಿರುವಾಗ ಟೆಲಿಕನ್ವರ್ಟರ್ ಅದನ್ನೇ ಕಸಿದುಕೊಳ್ಳುತ್ತದೆ. ಬೆಲೆಯೂ ಮೂರರಲ್ಲಿ ಇದರದೇ ಹೆಚ್ಚು.

ನಿಕಾನ್ ಝಡ್ 180–600 (2023) ಮತ್ತು ಸೋನಿ 200–600 (2019) ಸ್ವಭಾವದಲ್ಲಿ ಹತ್ತಿರದ ಬಂಧುಗಳು. ಎರಡರ ತುದಿಯೂ ಎಫ್ 6.3, ಎರಡಕ್ಕೂ 95 ಮಿ.ಮೀ. ಫಿಲ್ಟರ್, ಎರಡರ ಉದ್ದವೂ 32 ಸೆಂ.ಮೀ.ಗೆ ಹತ್ತಿರ. ಕಾಲರ್ ಬಿಟ್ಟು ನಿಕಾನ್ 1,955 ಗ್ರಾಂ, ಸೋನಿ 2,115 ಗ್ರಾಂ ತೂಗುತ್ತವೆ. ಎರಡರಲ್ಲಿಯೂ ಜೂಮ್ ಒಳಗೊಳಗೇ ನಡೆಯುತ್ತದೆ, ಕೊಳವೆ ಚಾಚುವುದಿಲ್ಲ. ಇದರ ಮಹತ್ವ ಬಳಸಿದಾಗಲೇ ತಿಳಿಯುವಂಥದ್ದು: ಎಡಗೈ ಒಂದೇ ಜಾಗದಲ್ಲಿರುತ್ತದೆ, ತೂಕದ ಕೇಂದ್ರ ಕದಲುವುದಿಲ್ಲ, ಬೆರಳಿನ ಸಣ್ಣ ತಿರುವಿನಲ್ಲೇ ಜೂಮ್‌ನ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗಬಹುದು. ದೂರದಿಂದ ನಮ್ಮತ್ತಲೇ ನುಗ್ಗಿ ಬರುವ ಸುಖೋಯ್‌ನಂಥ ವಿಮಾನವನ್ನು ಚೌಕಟ್ಟಿನಿಂದ ಹೊರಗೆ ಬಿಡದೆ ಹಿಡಿದಿಡಲು ಇದಕ್ಕಿಂತ ಒಳ್ಳೆಯ ವ್ಯವಸ್ಥೆಯನ್ನು ನಾನು ಕಂಡಿಲ್ಲ. ಸುಖೋಯ್-30ರ ಉದ್ದ ಸುಮಾರು 22 ಮೀಟರ್. ಅದು ಹತ್ತಿರ ಬಂದಾಗ ಕ್ಷಣಾರ್ಧದಲ್ಲಿ ಹಿಂದಕ್ಕೆ ಜೂಮ್ ಮಾಡಬೇಕಾಗುತ್ತದೆ, ಕ್ಯಾನನ್ ಈ ಒಂದು ಪರೀಕ್ಷೆಯಲ್ಲಿ ಹಿಂದೆ ಬೀಳುತ್ತದೆ. ಫೋಕಸ್ ಹಿಡಿಯುವ ವೇಗ ಮೂರರಲ್ಲೂ ಬೇಕಾದಷ್ಟಿದೆ. ಬರಿಯ ನೀಲಿ ಆಕಾಶದ ಹಿನ್ನೆಲೆಯಲ್ಲಿ ವಿಮಾನವನ್ನು ಗುರುತಿಸುವ ಕೆಲಸ ಇಂದು ಬಹುಮಟ್ಟಿಗೆ ಕ್ಯಾಮೆರಾದ್ದು. ನಿಕಾನ್ ಮತ್ತು ಸೋನಿಗಳ ನಡುವೆ ಆರಿಸಬೇಕಾದರೆ, 180ರಿಂದ ಶುರುವಾಗುವುದಕ್ಕೂ 160 ಗ್ರಾಂ ಹಗುರವಾಗಿರುವುದಕ್ಕೂ ನಾನು ನಿಕಾನ್ ಕಡೆಗೆ ವಾಲುತ್ತೇನೆ. ಆದರೆ ಈಗಾಗಲೇ ಸೋನಿ ಕ್ಯಾಮೆರಾ ಇಟ್ಟುಕೊಂಡವರು ಇಷ್ಟಕ್ಕಾಗಿ ಕಂಪನಿ ಬದಲಾಯಿಸುವ ಅಗತ್ಯ ಖಂಡಿತ ಇಲ್ಲ.

ಸೋನಿ ಬಳಸುವವರಿಗೆ ಸಿಗ್ಮಾ 100–400 (2020) ಎಂಬ ಹಗುರ ಆಯ್ಕೆಯಿದೆ. ತೂಕ ಸುಮಾರು 1,140 ಗ್ರಾಂ. ಬೇರೆ ಕಂಪನಿಯ ಲೆನ್ಸ್ ಹಾಕಿದಾಗ ಸೋನಿ ಕ್ಯಾಮೆರಾಗಳು ಸೆಕೆಂಡಿಗೆ 15 ಚಿತ್ರಗಳಿಗಿಂತ ವೇಗವಾಗಿ ಓಡುವುದಿಲ್ಲ ಎಂಬುದನ್ನು ತಿಳಿದಿರಬೇಕು, ಆದರೆ ನನ್ನ ಅಭಿಪ್ರಾಯದಲ್ಲಿ 15 ಸಾಕು. ಕ್ಯಾನನ್‌ನ 200–800 (2023) ಎರಡು ಕಿಲೋ ದಾಟುತ್ತದೆ ಮತ್ತು ತುದಿಯಲ್ಲಿ ಎಫ್ 9 ಆಗುತ್ತದೆ. ಪಕ್ಷಿಗಳಿಗೆ ಅದು ಒಳ್ಳೆಯ ಸಂಗಾತಿ, ಮುಂಬಯಿಯ ಮಬ್ಬಿಗೆ ಅಲ್ಲ.

ಫುಲ್ ಫ್ರೇಮ್‌ಗಿಂತ ಚಿಕ್ಕದಾದ ಕ್ರಾಪ್ ಸೆನ್ಸರ್‌ನ ಕ್ಯಾಮೆರಾ ಇರುವವರು 100–400ರ ಆಚೆ ನೋಡಲೇಬೇಕಿಲ್ಲ. ಅರ್ಧ ಕಿಲೋಮೀಟರ್ ದೂರದ ಹಾಕ್ ಅದರಲ್ಲಿ 400 ಮಿ.ಮೀ.ಗೇ ಚೌಕಟ್ಟಿನ ನೂರಕ್ಕೆ 42ರಷ್ಟನ್ನು ತುಂಬುತ್ತದೆ. 200ರಿಂದ ಶುರುವಾಗುವ ಲೆನ್ಸನ್ನು ಅಂಥ ಕ್ಯಾಮೆರಾಕ್ಕೆ ಹಾಕಿದರೆ ಸೂರ್ಯಕಿರಣದ ಪೂರ್ಣ ತಂಡದ ಚಿತ್ರದ ಆಸೆಯನ್ನೇ ಬಿಡಬೇಕಾಗುತ್ತದೆ.

ಲೆನ್ಸಿನ ಸ್ಟೆಬಿಲೈಸೇಷನ್ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ಅದು ಪರೀಕ್ಷೆಗೊಳಗಾಗುವುದು ಜೆಟ್‌ಗಳ ಮುಂದೆ ಅಲ್ಲ, ಸಾರಂಗದ ಮುಂದೆ. ಧ್ರುವ್‌ನ ರೆಕ್ಕೆ ಸೆಕೆಂಡಿಗೆ ಸುಮಾರು ಐದು ಸುತ್ತು ತಿರುಗುತ್ತದೆ. ಸೆಕೆಂಡಿನ 1,000ನೇ ಒಂದು ಭಾಗದಲ್ಲಿ ಅದು ಎರಡು ಡಿಗ್ರಿಯೂ ಕದಲದೆ, ಹೆಲಿಕಾಪ್ಟರ್ ದಾರಕ್ಕೆ ತೂಗುಹಾಕಿದ ಆಟಿಕೆಯಂತೆ ಕಾಣುತ್ತದೆ. 125ನೇ ಒಂದು ಭಾಗಕ್ಕೆ ಇಳಿದರೆ ಸುಮಾರು 15 ಡಿಗ್ರಿಯಷ್ಟು ಸುತ್ತಿ ಚಲನೆ ಕಾಣುತ್ತದೆ. ಸಿ-130ಜೆ, ಡಕೋಟಾದಂಥ ಪ್ರೊಪೆಲ್ಲರ್ ವಿಮಾನಗಳಿಗೂ ಇದೇ ಮಾತು. 500 ಮಿ.ಮೀ. ಲೆನ್ಸನ್ನು ಕೈಯಲ್ಲಿ ಹಿಡಿದು 125ನೇ ಒಂದು ಭಾಗದಲ್ಲಿ ವಿಮಾನದ ಜೊತೆ ತಿರುಗುತ್ತ ತೆಗೆಯುವಾಗ, ಅಡ್ಡ ಚಲನೆಯನ್ನು ಬಿಟ್ಟು ಮೇಲು ಕೆಳಗಿನ ಅಲುಗಾಟವನ್ನಷ್ಟೇ ತಡೆಯುವ ವ್ಯವಸ್ಥೆ ಬೇಕು. ಕ್ಯಾನನ್ ಮತ್ತು ಸೋನಿಯಲ್ಲಿ ಅದು ಮೋಡ್ 2. ನಿಕಾನ್‌ನಲ್ಲಿ ಇಂಥ ಚಲನೆಗೆ ಸ್ಪೋರ್ಟ್ ಮೋಡ್ ಇದೆ. ನನ್ನ ಕೈಯಲ್ಲಿ ಹೆಚ್ಚು ಚಿತ್ರಗಳು ಸ್ಪಷ್ಟವಾಗಿ ಬಂದದ್ದು ಹಗುರವಾದ ಕ್ಯಾನನ್‌ನಲ್ಲಿಯೇ. ಅಭ್ಯಾಸಕ್ಕೆ ಪ್ರದರ್ಶನದ ದಿನ ಬರುವವರೆಗೆ ಕಾಯಬೇಕಿಲ್ಲ. ಚಳಿಗಾಲದಲ್ಲಿ ಗೇಟ್‌ವೇ ಬಳಿ ದೋಣಿಗಳ ಹಿಂದೆ ಹಾರುವ ಕಡಲಕ್ಕಿಗಳು ಒಳ್ಳೆಯ ಗುರುಗಳು.

ಮುಂಬಯಿಯ ಎಷ್ಟೋ ಕನ್ನಡಿಗರು ಬೆಸ ವರ್ಷಗಳ ಫೆಬ್ರುವರಿಯಲ್ಲಿ ಊರಿಗೆ ಹೋಗುವ ನೆಪ ಮಾಡಿಕೊಂಡು ಯಲಹಂಕದ ಏರೋ ಇಂಡಿಯಾಕ್ಕೂ ಹೋಗಿಬರುತ್ತಾರೆ. ಮುಂಬಯಿಗೆ ಕ್ಯಾನನ್ 100–500 ಸಾಕೆಂಬ ನನ್ನ ತೀರ್ಪು ಅಲ್ಲಿ ಬದಲಾಗುತ್ತದೆ. ಸಮುದ್ರ ಮಟ್ಟದಿಂದ 900 ಮೀಟರ್ ಎತ್ತರದ ಒಣ ಗಾಳಿಯಲ್ಲಿ ಬೆಳಗಿನ ಹೊತ್ತು ದೂರದ ವಿಮಾನವೂ ನಿಚ್ಚಳವಾಗಿರುತ್ತದೆ, ಒಂಟಿ ಯುದ್ಧವಿಮಾನಗಳ ಕಸರತ್ತೂ ಹೆಚ್ಚು. 2025ರಲ್ಲಿ ರಷ್ಯಾದ ಸುಖೋಯ್-57 ಮತ್ತು ಅಮೆರಿಕದ ಎಫ್-35 ಎರಡೂ ಅಲ್ಲಿಗೆ ಬಂದಿದ್ದವು. 600 ಮಿ.ಮೀ.ಗೆ ಕೊಟ್ಟ ಹಣ ಅಲ್ಲಿ ವಸೂಲಾಗುತ್ತದೆ. ಎರಡು ವರ್ಷಕ್ಕೊಮ್ಮೆ ಬೇಕಾಗುವ ಆ ಲೆನ್ಸನ್ನು ಕೊಳ್ಳುವುದಕ್ಕಿಂತ ಬಾಡಿಗೆಗೆ ತರುವುದು ಮೇಲು. ಚಿತ್ರೋದ್ಯಮದ ಊರಾದ ಮುಂಬಯಿಯಲ್ಲಿ ದಿನದ ಲೆಕ್ಕದಲ್ಲಿ ಲೆನ್ಸ್ ಕೊಡುವವರು ಬೇಕಾದಷ್ಟಿದ್ದಾರೆ.

ಕೊಳ್ಳುವವರು ಫೋರ್ಟ್‌ನ ಬೋರಾ ಬಜಾರ್ ಕಡೆಯ ಅಂಗಡಿಗಳಿಗೆ ಸ್ವಂತ ಕ್ಯಾಮೆರಾ ಒಯ್ದು, ಲೆನ್ಸನ್ನು ಹಾಕಿಸಿಕೊಂಡು, ಹತ್ತು ನಿಮಿಷವಾದರೂ ಕಣ್ಣಿನ ಮಟ್ಟದಲ್ಲಿ ಹಿಡಿದು ನೋಡಬೇಕು. ಬಿಲ್ ಇಲ್ಲದ ಮಾಲು ಅಗ್ಗವಾಗಿ ಸಿಕ್ಕರೂ ವಾರಂಟಿ ಇರುವುದಿಲ್ಲವಾದ್ದರಿಂದ ಇಷ್ಟು ಬೆಲೆಯ ವಸ್ತುವಿನಲ್ಲಿ ಆ ಉಳಿತಾಯಕ್ಕೆ ಆಸೆಪಡಬಾರದು. ಹಳೆಯ ಲೆನ್ಸಾದರೆ ಮೊಬೈಲಿನ ಟಾರ್ಚನ್ನು ಒಂದು ಕಡೆಯಿಂದ ಹಿಡಿದು ಇನ್ನೊಂದು ಕಡೆಯಿಂದ ಓರೆಯಾಗಿ ನೋಡಬೇಕು. ಮುಂಬಯಿಯ ಮಳೆಗಾಲ ಕಳೆದ ಲೆನ್ಸಿನೊಳಗೆ ಜೇಡರ ಬಲೆಯಂಥ ಬಿಳಿ ಎಳೆಗಳು ಕಂಡರೆ ಅದು ಫಂಗಸ್, ಎಷ್ಟು ಕಡಿಮೆ ಬೆಲೆಗೆ ಕೊಟ್ಟರೂ ಬೇಡ. ಮರೀನ್ ಡ್ರೈವ್‌ನಿಂದ ಬಂದ ಸಂಜೆಯೇ ತುಸು ತೇವ ಮಾಡಿದ ಮೆತ್ತನೆಯ ಬಟ್ಟೆಯಿಂದ ಕೊಳವೆಯ ಮೇಲಿನ ಉಪ್ಪನ್ನು ಒರೆಸಬೇಕು. ಕ್ಯಾನನ್‌ನಂತೆ ಚಾಚುವ ಲೆನ್ಸಾದರೆ ಕೊಳವೆಯನ್ನು ಪೂರ್ತಿ ಹೊರಗೆಳೆದು ಆ ಭಾಗವನ್ನೂ ಒರೆಸಿ, ಒಣಗಿದ ಮೇಲೆಯೇ ಒಳಗೆ ತಳ್ಳಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದನ್ನು ಚೀಲದಲ್ಲಿ ಬಿಡದೆ, ತೇವಾಂಶ ನೂರಕ್ಕೆ 40ರಿಂದ 50ರ ನಡುವೆ ಇರುವ ಡ್ರೈ ಕ್ಯಾಬಿನೆಟ್‌ನಲ್ಲಿ ಇಡಬೇಕು. ಲೆನ್ಸಿಗೆ ಹಣ ಹೊಂದಿಸುವಾಗಲೇ ಆ ಪೆಟ್ಟಿಗೆಯ ಖರ್ಚನ್ನೂ ಸೇರಿಸಿಕೊಳ್ಳುವುದು ಒಳ್ಳೆಯದು.