ಟಾರ್, ಐ2ಪಿ, ಮಾಮೂಲಿ ಇಂಟರ್ನೆಟ್: ನನ್ನ ಬಿಟ್‌ಕಾಯಿನ್ ನೋಡ್‌ಗೆ ಯಾವುದು ಸರಿಹೋಯಿತು

ಬೆಳಗಾವಿಯ ಟಿಳಕವಾಡಿಯಲ್ಲಿ ನಮ್ಮ ಮನೆಯ ಟಿವಿ ಹಿಂದೆ ರಾಸ್‌ಬೆರಿ ಪೈ ಎಂಬ ಒಂದು ಪುಟ್ಟ ಕಂಪ್ಯೂಟರ್ ಇದೆ. ಅದರಲ್ಲಿ ಬಿಟ್‌ಕಾಯಿನ್ ಕೋರ್ ಎಂಬ ತಂತ್ರಾಂಶ ಓಡುತ್ತದೆ; ಹೀಗೆ ಬಿಟ್‌ಕಾಯಿನ್ ಜಾಲಕ್ಕೆ ಸೇರಿದ ಕಂಪ್ಯೂಟರೇ ನೋಡ್. ಅದನ್ನು ಮೂರು ರೀತಿ ನಡೆಸಿ ನೋಡಿದೆ. ವೇಗ ನೋಡೋಕಲ್ಲ, ನನ್ನ ನೋಡ್ ಯಾರ ಮಾತು ಕೇಳ್ತಾ ಇದೆ ಅಂತ ತಿಳಿಯೋಕೆ.

ಎಪಿಎಂಸಿಗೆ ಹೋಗಿ ಎಂಟು ಜನರ ಹತ್ತಿರ ಬಟಾಟಿ ದರ ಕೇಳಿದಿರಿ. ಎಂಟೂ ಜನ ಒಂದೇ ದಲಾಲಿ ಅಂಗಡಿಯವರಾದರೆ ನಿಮಗೆ ಸಿಕ್ಕಿದ್ದು ಒಂದೇ ದರ, ಅಲ್ವಾ? ನೋಡ್‌ಗೂ ಹಾಗೇ. ಅದು ಮಾತಾಡುವ ಬೇರೆ ನೋಡ್‌ಗಳು, ಅಂದರೆ ಪೀರ್‌ಗಳೆಲ್ಲ ಒಬ್ಬನ ಕೈಯಲ್ಲಿದ್ದರೆ, ಹೊಸ ಬ್ಲಾಕ್ (ವಹಿವಾಟುಗಳ ಕಟ್ಟು) ಬಂದದ್ದನ್ನೇ ಅವನು ಮುಚ್ಚಿಡಬಹುದು. ಇದು ಎಕ್ಲಿಪ್ಸ್ ದಾಳಿ. 2015ರಲ್ಲಿ ಸಂಶೋಧಕರು ಇದನ್ನು ವಿವರವಾಗಿ ತೋರಿಸಿದರು. ನೋಡ್ ರೀಸ್ಟಾರ್ಟ್ ಆಗುವ ಹೊತ್ತಿಗೇ ಅವರು ಕಾದಿದ್ದರು, ಆಗ ಅದು ಪೀರ್‌ಗಳನ್ನು ಹೊಸದಾಗಿ ಹುಡುಕುತ್ತದೆ.

ಮೊದಲು ಮಾಮೂಲಿ ಇಂಟರ್ನೆಟ್. ವೇಗಕ್ಕೆ ಇದನ್ನು ಮೀರಿಸೋದು ಇಲ್ಲ. ಕೋರ್ ತಾನಾಗಿ ಹೊರಗೆ 8 ಪೂರ್ಣ ಸಂಪರ್ಕ, ಬರೀ ಬ್ಲಾಕ್‌ಗೆಂದು ಇನ್ನೂ 2 ಹಿಡಿಯುತ್ತದೆ. ಐಪಿ ವಿಳಾಸದ ಮೊದಲ ಎರಡು ಸಂಖ್ಯೆ ಒಂದೇ ಇರುವ ಇಬ್ಬರನ್ನು ತಾನಾಗಿ ಆರಿಸಿಕೊಳ್ಳುವುದಿಲ್ಲ. ಆದರೆ ದೊಡ್ಡ ಕ್ಲೌಡ್ ಕಂಪನಿಗಳ ಬಳಿ ಹಾಗೆ ಬೇರೆ ಬೇರೆ ಸಂಖ್ಯೆಯ ವಿಳಾಸ ಗುಂಪುಗಳು ಬೇಕಾದಷ್ಟಿವೆ. ಯಾವ ಐಪಿ ಯಾರ ಜಾಲದ್ದು ಎಂದು ಹೇಳುವ ಏಎಸ್‌ಮ್ಯಾಪ್ ಫೈಲ್ ಕೊಟ್ಟು, ಪೀರ್‌ಗಳ ಪಟ್ಟಿ ತೋರಿಸುವ ನೆಟ್‌ಇನ್‌ಫೋ ತೆಗೆದು ನೋಡಿದ ಮೇಲೇ ಯಾವ ಪೀರ್ ಯಾವ ಜಾಲದ್ದು ಅಂತ ಕಣ್ಣಿಗೆ ಬಿತ್ತು. ಇನ್ನೊಂದು ಕೊರತೆ: ನಮ್ಮ ಲೈನ್‌ನಲ್ಲಿ ಒಂದೇ ಐಪಿಯನ್ನು ಹಲವು ಮನೆಗಳು ಹಂಚಿಕೊಳ್ಳುತ್ತವೆ. ಹೊರಗಿನಿಂದ ನನ್ನ ನೋಡ್‌ಗೆ ಯಾರೂ ಬರಲಿಲ್ಲ.

ಮುಂದಿನದು ಟಾರ್, ಐಪಿ ವಿಳಾಸ ಮರೆಮಾಡುವ ಜಾಲ. ಬರೀ ಅದಕ್ಕೆ ಬದಲಿಸಿದಾಗ ಆ ತೊಂದರೆ ಹೋಯಿತು, ಒಳಗೆ ಪೀರ್‌ಗಳು ಬರತೊಡಗಿದರು. ಬಹಳ ಖುಷಿಯಾಯಿತು. ಆದರೂ ಇದೊಂದನ್ನೇ ನಂಬಿ ಕೂರಬೇಡಿ. ಟಾರ್‌ನಲ್ಲಿ ಬಳಸುವ ಆನಿಯನ್ ವಿಳಾಸ ಮಾಡೋಕೆ ಕಾಸು ಬೇಡ, ಒಬ್ಬನೇ ಕೂತು ಸಾವಿರ ಮಾಡಬಹುದು. ಅವುಗಳ ಹಿಂದೆ ಯಾರಿದ್ದಾರೆ ಅಂತ ಏಎಸ್‌ಮ್ಯಾಪ್‌ಗೂ ಗೊತ್ತಾಗಲ್ಲ. ಸಿಂಕ್, ಅಂದರೆ ಬ್ಲಾಕ್‌ಗಳನ್ನೆಲ್ಲ ಇಳಿಸಿಕೊಳ್ಳೋದು ಕೂಡ ನಿಧಾನ.

ಈಗ ಮೂರೂ ಸೇರಿಸಿದ್ದೇನೆ, ಟಾರ್‌ನಂತೆ ವಿಳಾಸ ಮರೆಮಾಡುವ ಇನ್ನೊಂದು ಜಾಲ ಐ2ಪಿಯೂ ಬಂತು. ಬರೀ ಟಾರ್ ಸಾಕು ಎಂದು ಸೆಟ್ಟಿಂಗ್‌ನಲ್ಲಿ ಹಾಕಿದ್ದ ಓನ್ಲಿನೆಟ್ ಸಾಲು ತೆಗೆದುಹಾಕಿದೆ. ಕೋರ್ 26.0ರಿಂದ ಈಚೆಗೆ, ಸಿಗುವ ಪ್ರತಿ ಜಾಲಕ್ಕೂ ಹೊರಗಿನ ಒಂದಾದರೂ ಸಂಪರ್ಕ ಉಳಿಸಿಕೊಳ್ಳಲು ಅದೇ ಪ್ರಯತ್ನಿಸುತ್ತದೆ. ಒಂದು ದಾರಿ ಕೆಟ್ಟರೂ ಇನ್ನೊಂದರಿಂದ ನಿಜವಾದ ಬ್ಲಾಕ್ ಬರುತ್ತದೆ. ನನ್ನ ಆಯ್ಕೆ ಇದೇ.

ನನಗೆ ತಡವಾಗಿ ತಿಳಿದದ್ದೊಂದಿದೆ. ಕೋರ್ ಸರಿಯಾಗಿ ನಿಂತಾಗ ಬ್ಲಾಕ್‌ಗೆಂದು ಇಟ್ಟ ಆ ಎರಡು ಪೀರ್‌ಗಳ ವಿಳಾಸವನ್ನು ಆಂಕರ್ಸ್ ಫೈಲ್‌ನಲ್ಲಿ ಬರೆದಿಡುತ್ತದೆ. ಮತ್ತೆ ಎದ್ದಾಗ ಮೊದಲು ಅವರ ಹತ್ತಿರವೇ ಹೋಗುತ್ತದೆ, ಓದಿದ ಕೂಡಲೇ ಫೈಲ್ ಅಳಿಸಿಬಿಡುತ್ತದೆ. ಜುಲೈ ಮಳೆಯಲ್ಲಿ ನಮ್ಮ ಕಡೆ ಕರೆಂಟ್ ಹೋದರೆ ಪೈ ದಿಢೀರ್ ಸತ್ತುಹೋಗುತ್ತಿತ್ತು. ಫೋಲ್ಡರ್ ತೆಗೆದು ನೋಡಿದರೆ ಆ ಫೈಲೇ ಇಲ್ಲ. ಆ ಇಬ್ಬರು ಹಳೆಯ ಗೆಳೆಯರ ನೆನಪಿಲ್ಲದೆ ನೋಡ್ ಪ್ರತಿ ಸಲ ಹೊಸದಾಗಿ ಏಳುತ್ತಿತ್ತು. ಈಗ ಪೈಗೂ ರೂಟರ್‌ಗೂ ಒಂದು ಚಿಕ್ಕ ಯುಪಿಎಸ್ ಇದೆ. ಲೈಟ್ ಹೋದ ಕೂಡಲೇ ಸ್ಟಾಪ್ ಕೊಟ್ಟು, ಆಂಕರ್ಸ್ ಫೈಲ್ ಬಂತಾ ಅಂತ ನೋಡಿಯೇ ಪೈ ಆಫ್ ಮಾಡುತ್ತೇನೆ.