349 ರೂಪಾಯಿಯ ಸೂಕ್ಷ್ಮದರ್ಶಕ ಮತ್ತು ನಮ್ಮ ಮನೆಯ ಅಂಜೂರದ ಎಲೆಗಳು

ದಾವಣಗೆರೆಯ ಮಂಡಿಪೇಟೆಯಲ್ಲಿ ಇಪ್ಪತ್ತೆಂಟು ವರ್ಷದಿಂದ ಗಡಿಯಾರ ರಿಪೇರಿ ಮಾಡುತ್ತಿದ್ದೇನೆ. ಹತ್ತು ಪಟ್ಟಿನ ಮಸೂರವನ್ನು ಕಣ್ಣಿಗೆ ಸಿಕ್ಕಿಸಿಕೊಂಡೇ ಅರ್ಧ ಆಯುಷ್ಯ ಕಳೆದವನು ಅಂಜೂರದ ಎಲೆ ನೋಡಲು ಇನ್ನೊಂದನ್ನು ತರಿಸಿದನೆಂದರೆ ಮನೆಯವಳು ಸುಮ್ಮನಿರುತ್ತಾಳೆಯೇ? 'ಅಂಗಡಿಯಲ್ಲಿ ಇರುವುದು ಸಾಲದೇನ್ರೀ?' ಎಂದಳು. ಪೊಟ್ಟಣದ ಮೇಲೆ '60 ಪಟ್ಟು' ಎಂದು ಅಚ್ಚಾಗಿತ್ತು. ಆ ಸಂಖ್ಯೆಗೇ ನಾನು ಬಿದ್ದದ್ದು.

ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದಾದ ಪ್ಲಾಸ್ಟಿಕ್ ಡಬ್ಬಿ. ಎಲ್‌ಇಡಿ ದೀಪ, ನೋಟು ಪರೀಕ್ಷಿಸಲು ನೇರಳೆ ದೀಪ, ಬಟನ್ ಸೆಲ್, ಪಕ್ಕದಲ್ಲಿ ಫೋಕಸ್ ಮಾಡಲು ಸಣ್ಣ ಚಕ್ರ. ದೀಪ ಚೆನ್ನಾಗಿದೆ, ಸುಳ್ಳು ಹೇಳಲಾರೆ. ಚಕ್ರದಲ್ಲಿ ಮಾತ್ರ ವಿಪರೀತ ಆಟ ಇದೆ: ಅರ್ಧ ಸುತ್ತು ತಿರುಗಿಸಿದರೂ ಒಳಗೆ ಏನೂ ಅಲುಗುವುದಿಲ್ಲ, ಆಮೇಲೆ ಒಮ್ಮೆಗೇ ಜಿಗಿದು ಚಿತ್ರ ಕೈತಪ್ಪುತ್ತದೆ. ಇಂಥ ಹಲ್ಲುಚಕ್ರವಿರುವ ಗಡಿಯಾರ ಕೈಗೆ ಬಂದಿದ್ದರೆ ಗಿರಾಕಿಗೆ ವಾಪಸು ಕೊಟ್ಟುಬಿಡುತ್ತಿದ್ದೆ. ಆ 60 ಪಟ್ಟನ್ನೂ ಪರೀಕ್ಷಿಸಿದೆ. ಸ್ಟೀಲ್ ಅಳತೆಪಟ್ಟಿಯ ಗೆರೆಗಳನ್ನು ಮೊದಲು ನನ್ನ ಮಸೂರದಲ್ಲಿ, ನಂತರ ಇದರಲ್ಲಿ ನೋಡಿದೆ. ಮೂರು ಪಟ್ಟು ಹಿಗ್ಗಿದ್ದರೆ ಹೆಚ್ಚು. ಅಂದರೆ ಮೂವತ್ತು.

ನಿಟ್ಟುವಳ್ಳಿಯ ಮನೆಯ ಹಿತ್ತಲಿನಲ್ಲಿ ನಮ್ಮವು ಮೂರು ಅಂಜೂರದ ಗಿಡಗಳು. ಎರಡು ನೆಲದಲ್ಲಿ, ಒಂದು ಡ್ರಮ್ಮಿನಲ್ಲಿ. ಶ್ರಾವಣದ ಮಳೆ ಹಿಡಿದ ಮೇಲೆ ಮೂರರ ಎಲೆಗಳೂ ಕೆಟ್ಟವು. ಒಂದೇ ರೋಗವೆಂದು ತಿಳಿದದ್ದು ನನ್ನ ಮೊದಲ ತಪ್ಪು.

ದೊಡ್ಡ ಗಿಡದ ಎಲೆಗಳ ಮೇಲ್ಭಾಗದಲ್ಲಿ ಹಳದಿ ಚುಕ್ಕೆಗಳಿದ್ದವು. ಅವನ್ನೇ ಈ ಯಂತ್ರದಲ್ಲಿ ಎರಡು ದಿನ ನೋಡಿದೆ. ಹಳದಿ ಬಣ್ಣ ಇನ್ನಷ್ಟು ಹಳದಿಯಾಗಿ ಕಂಡಿತು, ಅಷ್ಟೆ. ಆಗ ಎಚ್‌ಎಂಟಿ ಜನತಾ ಗಡಿಯಾರವನ್ನು ರಿಪೇರಿಗೆ ತಂದಿದ್ದ ಚನ್ನಗಿರಿ ಕಡೆಯ ಅಡಿಕೆ ಬೆಳೆಗಾರರೊಬ್ಬರು ಮೇಜಿನ ಮೇಲಿದ್ದ ಎಲೆಯನ್ನು ಕಂಡು, 'ಯಜಮಾನರೇ, ಮೇಲೇನು ನೋಡುತ್ತೀರಿ? ಮಗುಚಿ ನೋಡಿ' ಎಂದರು. ಮಗುಚಿದರೆ ತುಕ್ಕಿನ ಬಣ್ಣದ ಪುಡಿ ಗುಳ್ಳೆಗಳು! ಬೆರಳಿಗೆ ಹತ್ತಿತು. ತುಕ್ಕು ರೋಗ, ಶಿಲೀಂಧ್ರದ್ದು. ಅದನ್ನು ಕಾಣಲು ನನ್ನ ಹಳೆಯ ಮಸೂರವೂ ಬೇಕಿರಲಿಲ್ಲ.

ಮದ್ದೂ ಅವರಿಗೆ ಗೊತ್ತಿದ್ದದ್ದೇ, ಅಡಿಕೆಗೆ ಹೊಡೆಯುವ ಬೋರ್ಡೋ ದ್ರಾವಣ. ಹತ್ತು ಲೀಟರ್‌ಗೆ 100 ಗ್ರಾಂ ಮೈಲುತುತ್ತ (ತಾಮ್ರದ ಸಲ್ಫೇಟ್), 100 ಗ್ರಾಂ ಸುಣ್ಣ, ಎರಡನ್ನೂ ಪ್ಲಾಸ್ಟಿಕ್ ಬಕೆಟ್ಟುಗಳಲ್ಲಿ ಬೇರೆ ಬೇರೆಯಾಗಿ ಕರಗಿಸಿ ಬೆರೆಸಬೇಕು. ಉಜ್ಜಿ ತೊಳೆದ ಕಬ್ಬಿಣದ ಬ್ಲೇಡನ್ನು ಅದ್ದಿ ತೆಗೆದಾಗ ಕೆಂಪಾಗಿ ತಾಮ್ರ ಹತ್ತಿದರೆ ಸುಣ್ಣ ಸಾಲದು ಎಂದರ್ಥ. ಈ ಪರೀಕ್ಷೆ ನನಗೆ ಬಹಳ ಹಿಡಿಸಿತು. ಉದುರಿದ ಎಲೆಗಳನ್ನೆಲ್ಲ ಗುಡಿಸಿ ಸುಟ್ಟೆ, ಮಾಗಿದ ಹಣ್ಣುಗಳನ್ನು ಕಿತ್ತುಕೊಂಡ ಮೇಲೆ ಸಿಂಪಡಿಸಿದೆ. ಹಾಳಾದ ಎಲೆ ಸರಿಹೋಗುವುದಿಲ್ಲ, ಹೊಸದಕ್ಕೆ ರಕ್ಷಣೆ ಸಿಗುತ್ತದೆ.

ಎರಡನೆಯ ಗಿಡ ಭಾವಮೈದುನ ಬಳ್ಳಾರಿ ಕಡೆಯಿಂದ ತಂದ ಕಡ್ಡಿಯಿಂದ ಬೆಳೆದದ್ದು. ಇದರ ಎಲೆಗಳಲ್ಲಿ ತಿಳಿಹಳದಿ ತೇಪೆಗಳು. ಅವುಗಳ ಗಡಿ ಎಲ್ಲಿ ಮುಗಿಯುತ್ತದೆಂದು ಗೊತ್ತಾಗುವುದಿಲ್ಲ. ಕೆಲವು ಎಲೆಗಳು ಸೊಟ್ಟಗೂ ಇವೆ. ಮಗುಚಿದರೆ ಪುಡಿಯಿಲ್ಲ. ಅಂಜೂರದ ಮೊಸಾಯಿಕ್ ವೈರಸ್ಸಿನ ಲಕ್ಷಣ ಇದು. ಕಡ್ಡಿಯ ಜೊತೆಯಲ್ಲೇ ಬರುತ್ತದೆ, ಒಂದು ನುಸಿಯೂ ಇದನ್ನು ಹರಡುತ್ತದೆ. ಈ ನುಸಿ ನಮ್ಮ ತೆಂಗಿನಕಾಯಿಗೆ ಬರುವ ನುಸಿಯ ಹತ್ತಿರದ ಸಂಬಂಧಿ. ಎರಡೂ ಅಸೇರಿಯಾ ಕುಲದವು. ಉದ್ದ 0.2 ಮಿಲಿಮೀಟರಿನಷ್ಟೂ ಇರುವುದಿಲ್ಲ, ನಾಲ್ಕೇ ಕಾಲು. ನಿಜ ಹೇಳಬೇಕೆಂದರೆ ಇದನ್ನು ಕಾಣುವ ಆಸೆಯಿಂದಲೇ ಯಂತ್ರ ಕೊಂಡದ್ದು. ಗಡಿಯಾರದ ಬ್ಯಾಲೆನ್ಸ್ ಚಕ್ರದ ಪಿವಟ್, ಅಂದರೆ ಅದರ ಅಚ್ಚಿನ ತುದಿ, ಅಷ್ಟೇ ತೆಳ್ಳಗಿರುತ್ತದೆ, ಅದನ್ನು ದಿನವೂ ನೋಡುವವನು ನಾನು. ಆದರೆ ಪಿವಟ್ ಮೇಜಿನ ಮೇಲೆ ನಿಂತಿರುತ್ತದೆ, ಎಲೆ ಉಸಿರು ತಾಗಿದರೂ ಅಲುಗುತ್ತದೆ. ಮೊಗ್ಗಿನ ಸಂದಿಯಲ್ಲಿ ಒಮ್ಮೆ ಬಿಳಿಯದೇನೋ ಹರಿದಾಡಿದಂತೆ ಕಂಡಿತು, ಚಕ್ರ ತಿರುಗಿಸುವಷ್ಟರಲ್ಲಿ ಮಾಯ. ವೈರಸ್ಸಿಗೆ ಮದ್ದಿಲ್ಲ. ಗಿಡ ಹಣ್ಣು ಬಿಡುತ್ತಿದೆ, ಇರಲಿ. ಯಾರಿಗೂ ಕಡ್ಡಿ ಕೊಡುವುದಿಲ್ಲ. ಭಾವಮೈದುನನಿಗೆ ಇನ್ನೂ ವಿಷಯ ಹೇಳಿಲ್ಲ.

ಡ್ರಮ್ಮಿನ ಗಿಡದ ಎಲೆಗಳು ಅಂಚಿನಲ್ಲಷ್ಟೇ ಕಂದಿ ಗರಿಗರಿಯಾಗಿದ್ದವು. ಸೂಕ್ಷ್ಮದರ್ಶಕಕ್ಕೆ ಸಿಗದ ಉತ್ತರ ಡ್ರಮ್ಮಿನ ಬಾಯಿಯಲ್ಲಿತ್ತು: ಬಿಳಿ ಉಪ್ಪಿನ ಪಟ್ಟೆ. ಬೇಸಿಗೆಯಿಡೀ ಬೋರ್‌ವೆಲ್ ನೀರು ಹಾಕಿದ್ದರ ಫಲ. ತಳದ ತೂತು ಕಟ್ಟಿಕೊಂಡಿದ್ದರಿಂದ ಮಳೆ ಬಂದರೂ ಉಪ್ಪು ತೊಳೆದು ಹೋಗಿರಲಿಲ್ಲ. ತೂತು ಬಿಡಿಸಿ, ಮಾಳಿಗೆಯ ಮಳೆನೀರನ್ನು ಧಾರಾಳವಾಗಿ ಹರಿಸಿದೆ.

ಒಂದು ಎಚ್ಚರಿಕೆ. ಎಲೆ ಕಿತ್ತಾಗ ಒಸರುವ ಹಾಲು ಮಸೂರಕ್ಕೆ ಮೆತ್ತಿಕೊಂಡಿತು. ಗಡಿಯಾರದ ಬಿಡಿಭಾಗಗಳನ್ನು ತೊಳೆಯುವ ಅಭ್ಯಾಸಬಲದಿಂದ ಪೆಟ್ರೋಲಿನಲ್ಲಿ ಒರೆಸಿಬಿಟ್ಟೆ. ಮಸೂರ ಗಾಜಿನದಲ್ಲ, ಪ್ಲಾಸ್ಟಿಕ್ಕು. ಒಂದು ಬದಿ ಮಂಜು ಕವಿದಂತಾಗಿದೆ. ಇದು ತಯಾರಿಸಿದವರ ತಪ್ಪಲ್ಲ, ಅದಕ್ಕೆ ಅಂಕ ಕಳೆಯುವುದಿಲ್ಲ. ಆ ಹಾಲು ಚರ್ಮಕ್ಕೂ ತುರಿಕೆ ತರುತ್ತದೆ, ಕೈ ತೊಳೆದುಕೊಂಡೇ ಕಣ್ಣು ಮುಟ್ಟಬೇಕು.

ಐದರಲ್ಲಿ ಎರಡು ಅಂಕ, ಅದರಲ್ಲಿ ಒಂದೂವರೆ ದೀಪಕ್ಕೆ. ಹಿತ್ತಲ ಗಿಡ ನೋಡಲು ಗಾಜಿನ ಹತ್ತು ಪಟ್ಟಿನ ಮಸೂರ ಸಾಕು. ನನ್ನ 60 ಪಟ್ಟಿನದು ಈಗ ಪಕ್ಕದ ಮನೆಯ ಹುಡುಗನ ಬಳಿ ಇದೆ, ಸಕ್ಕರೆಯನ್ನೂ ಇರುವೆಯನ್ನೂ ನೋಡುತ್ತಿದ್ದಾನೆ. ಡ್ರಮ್ಮಿನ ಗಿಡದಲ್ಲಿ ಎರಡು ಹೊಸ ಎಲೆಗಳು ಬಿಚ್ಚಿಕೊಂಡಿವೆ, ಅಂಚು ಸದ್ಯಕ್ಕೆ ಹಸಿರಾಗಿದೆ.