ಜೀಪಿನ ಡೀಸೆಲ್ ಎಂಜಿನ್‌ಗೆ ಅಗ್ಗದ ಬ್ಲೂಟೂತ್ ಸ್ಕ್ಯಾನರ್: ಎಲ್ಲಿ ಕೈಹಿಡಿಯುತ್ತದೆ, ಎಲ್ಲಿ ಕೈಕೊಡುತ್ತದೆ

ಇಎಲ್‌ಎಂ327 ಹೆಸರಿನಲ್ಲಿ ಸಾವಿರ ರೂಪಾಯಿಯೊಳಗೆ ಸಿಗುವ ಬೆಂಕಿಪೊಟ್ಟಣದಷ್ಟು ಗಾತ್ರದ ಅಡಾಪ್ಟರ್ ಇದು, ಗಾಡಿಯ ಕಂಪ್ಯೂಟರ್‌ನಲ್ಲಿರುವ ಮಾಹಿತಿಯನ್ನು ಫೋನಿಗೆ ಕಳಿಸುತ್ತದೆ. ಚೆಕ್ ಎಂಜಿನ್ ದೀಪ ಹೊತ್ತಿಕೊಂಡಾಗ ದೋಷದ ಕೋಡ್ ಓದಿ ಅಳಿಸಿಬಿಡೋಣ ಅಂತಲೇ ಹೆಚ್ಚಿನವರು ಕೊಳ್ಳುತ್ತಾರೆ. ಆದರೆ ಕೊಟ್ಟ ಕಾಸು ವಸೂಲಾಗುವುದು ಕೋಡ್‌ನಿಂದಲ್ಲ, ಎಂಜಿನ್ ಓಡುತ್ತಿರುವಾಗ ಸೆನ್ಸಾರ್‌ಗಳು ಹೇಳುವ ಅಂಕಿಗಳಿಂದ.

ಮೊದಲು ಗಾಡಿ ಯಾವುದು ನೋಡಿಕೊಳ್ಳಿ. ಕಾರ್ಬ್ಯುರೇಟರ್ ಜಿಪ್ಸಿಗೆ, ಮೆಕ್ಯಾನಿಕಲ್ ಪಂಪ್ ಇರುವ ಹಳೇ ಡಿಐ ಜೀಪಿಗೆ ಇದರಿಂದ ಏನೂ ಉಪಯೋಗವಿಲ್ಲ, ಅಲ್ಲಿ ಮಾತಾಡಲು ಇಸಿಯುವೇ (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಇಲ್ಲ. ಸ್ಟೀರಿಂಗ್ ಕೆಳಗೆ 16 ಪಿನ್ನಿನ ಒಬಿಡಿ (ದೋಷ ಪತ್ತೆಯ) ಸಾಕೆಟ್ ಇರುವ ಬಿಎಸ್4, ಬಿಎಸ್6 ಕಾಮನ್ ರೈಲ್ ಗಾಡಿಗಳಿಗೆ ಸರಿ. ಐಫೋನ್ ಇರುವವರು ವೈಫೈ ಅಥವಾ ಬ್ಲೂಟೂತ್ ಎಲ್‌ಇ ಇರುವುದನ್ನೇ ಕೇಳಿ ತೆಗೆದುಕೊಳ್ಳಿ, ಹಳೇ ಬಗೆಯ ಬ್ಲೂಟೂತ್ ಅದಕ್ಕೆ ಹತ್ತುವುದಿಲ್ಲ. ಡಬ್ಬದ ಮೇಲಿನ ‘ವಿ1.5’ ನಂಬಿ ಹೆಚ್ಚು ದುಡ್ಡು ಕೊಡಬೇಡಿ, ಮೂಲ ಚಿಪ್ ತಯಾರಿಸಿದ ಕೆನಡಾದ ಕಂಪನಿ ಆ ಆವೃತ್ತಿಯನ್ನು ತಂದೇ ಇಲ್ಲ. ಮಾರುಕಟ್ಟೆಯಲ್ಲಿ ಇರುವುದೆಲ್ಲ ಬಹುಪಾಲು ನಕಲು, ಅದರಲ್ಲೇ ಚೆನ್ನಾಗಿರುವುದನ್ನು ಆರಿಸಬೇಕು. ‘ವಿ2.1’ ಎಂದು ಬರೆದ ಪುಟಾಣಿಗಳಲ್ಲಿ ಎಷ್ಟೋ ಕಮಾಂಡ್‌ಗಳು ಕೆಲಸ ಮಾಡುವುದಿಲ್ಲ, ವಾಪಸ್ ಕೊಡುವ ಅವಕಾಶ ಇರುವ ಕಡೆಯೇ ಕೊಳ್ಳುವುದು ಕ್ಷೇಮ.

ಜೋಡಿಸುವುದು ಸುಲಭ. ಅಡಾಪ್ಟರ್ ಚುಚ್ಚಿ, ಕೀ ಆನ್ ಮಾಡಿ, ಫೋನಿನಲ್ಲಿ ಪೇರ್ ಮಾಡಿ (ಪಾಸ್‌ವರ್ಡ್ 1234 ಅಥವಾ 0000), ಒಬಿಡಿ ಅಂಕಿಗಳನ್ನು ತೋರಿಸುವ ಆ್ಯಪ್‌ನಲ್ಲಿ ಅಡಾಪ್ಟರ್ ಆರಿಸಿ.

ಎಂಜಿನ್ ಸ್ಟಾರ್ಟ್ ಮಾಡುವ ಮೊದಲೇ ಒಂದು ಪರೀಕ್ಷೆ ಮಾಡಿಬಿಡಬೇಕು. ಕೀ ಮಾತ್ರ ಆನ್ ಇರುವಾಗ ಮ್ಯಾಪ್ ಸೆನ್ಸಾರ್, ಅಂದರೆ ಇನ್‌ಟೇಕ್ ಮ್ಯಾನಿಫೋಲ್ಡ್ ಒತ್ತಡ, ಹೊರಗಿನ ಗಾಳಿಯ ಒತ್ತಡವನ್ನೇ ತೋರಿಸಬೇಕು. ಮಂಗಳೂರಿನಲ್ಲಿ ಸುಮಾರು 101 ಕಿಲೋಪಾಸ್ಕಲ್, ಚಿಕ್ಕಮಗಳೂರಿನಲ್ಲಿ 89ರ ಆಸುಪಾಸು, ಮುಳ್ಳಯ್ಯನಗಿರಿ ತುದಿಯಲ್ಲಿ 80. ಬ್ಯಾರೋಮೀಟರ್ ಅಂಕಿಗೂ ಇದಕ್ಕೂ ನಾಲ್ಕೈದು ಕಿಲೋಪಾಸ್ಕಲ್ ಅಂತರ ಕಂಡರೆ ಸೆನ್ಸಾರ್ ತುದಿಗೆ ಮಸಿ, ಎಣ್ಣೆ ಅಂಟಿರುವ ಸಾಧ್ಯತೆಯೇ ಹೆಚ್ಚು. ಬಿಚ್ಚಿ ಎಲೆಕ್ಟ್ರಿಕಲ್ ಕ್ಲೀನರ್ ಸ್ಪ್ರೇ ಹೊಡೆದು, ಪೂರ್ತಿ ಒಣಗಿಸಿ ಹಾಕಿ. ಕಡ್ಡಿ ಹಾಕಿ ಕೆರೆಯಬಾರದು.

ಸೆನ್ಸಾರ್ ಸರಿಯಿದ್ದರೆ ಏರು ದಾರಿಯಲ್ಲಿ ಮೂರನೇ ಗೇರ್, 2,500 ಆರ್‌ಪಿಎಂ, ಆಕ್ಸಿಲರೇಟರ್ ಪೂರ್ತಿ. ಪಕ್ಕದಲ್ಲಿ ಕೂತವರು ಫೋನ್ ನೋಡಲಿ, ಓಡಿಸುವವರಲ್ಲ. ಆರೋಗ್ಯವಾಗಿರುವ ಟರ್ಬೋ ಡೀಸೆಲ್‌ನಲ್ಲಿ ಮ್ಯಾಪ್ ಸಾಮಾನ್ಯವಾಗಿ 200 ಕಿಲೋಪಾಸ್ಕಲ್ ಸುತ್ತಮುತ್ತ ಮುಟ್ಟುತ್ತದೆ. 140ಕ್ಕೇ ನಿಂತು, ಹೊಗೆ ಕಪ್ಪಾಗಿ, ಪಿ0299 ಕೋಡ್ (ಟರ್ಬೋ ಒತ್ತಡ ಕಡಿಮೆ) ಬಂದರೆ ಟರ್ಬೋ ಹೋಯಿತು ಎಂದು ಗಾಬರಿಬೀಳಬೇಡಿ. ಕಲ್ಲುದಾರಿಯಲ್ಲಿ ಎಂಜಿನ್ ಅಲುಗಾಡಿ ಅಲುಗಾಡಿ ಇಂಟರ್‌ಕೂಲರ್ (ಟರ್ಬೋದಿಂದ ಬರುವ ಗಾಳಿಯನ್ನು ತಂಪುಮಾಡುವ ಭಾಗ) ಹೋಸ್ ಕ್ಲಾಂಪ್ ಸಡಿಲವಾಗುವುದೇ ಹೆಚ್ಚು. ಹೋಸ್ ತುದಿಯನ್ನು ಬೆರಳಿಂದ ಒರೆಸಿ ನೋಡಿ: ಎಣ್ಣೆ ಪಸೆಗೆ ಧೂಳು ಮೆತ್ತಿ ಕರಿ ಉಂಗುರದಂತೆ ಆಗಿದ್ದರೆ ಗಾಳಿ ಸೋರುತ್ತಿರುವುದು ಅಲ್ಲೇ. ಖಚಿತ ಮಾಡಿಕೊಳ್ಳಲು ಎಂಜಿನ್ ನಿಲ್ಲಿಸಿ, ಟರ್ಬೋ ಒಳಬಾಯಿಗೆ ಪಿವಿಸಿ ಮುಚ್ಚಳ ಕಟ್ಟಿ, ರೆಗ್ಯುಲೇಟರ್ ಮೂಲಕ 0.7 ಬಾರ್ ಗಾಳಿ ಬಿಟ್ಟು ಸೋಪು ನೀರು ಹಚ್ಚಿ. ಗುಳ್ಳೆ ಏಳುವ ಜಾಗ ಸಿಕ್ಕೇ ಸಿಗುತ್ತದೆ.

ಎರಡನೆಯದು ರೈಲ್ ಪ್ರೆಶರ್, ಅಂದರೆ ಇಂಜೆಕ್ಟರ್‌ಗಳಿಗೆ ಡೀಸೆಲ್ ಹಂಚುವ ಕೊಳವೆಯೊಳಗಿನ ಒತ್ತಡ. ಬಿಸಿಯಾದ ಎಂಜಿನ್ ಐಡ್ಲಿಂಗ್‌ನಲ್ಲಿ 250ರಿಂದ 350 ಬಾರ್ ಸಾಮಾನ್ಯ. ಆ್ಯಪ್ ಅದನ್ನೇ 30,000 ಕಿಲೋಪಾಸ್ಕಲ್ ಎಂದು ತೋರಿಸಬಹುದು, ಹೆದರಬೇಡಿ, ನೂರರಿಂದ ಭಾಗಿಸಿ. ಏರಿನಲ್ಲಿ ಒತ್ತಿದಾಗ ಒತ್ತಡ ಏರುವ ಬದಲು ಕುಸಿದರೆ ಮೊದಲು ಡೀಸೆಲ್ ಫಿಲ್ಟರ್ ಕೆಳಗಿನ ಡ್ರೈನ್ ಸ್ಕ್ರೂ ಬಿಚ್ಚಿ ಗಾಜಿನ ಬಾಟಲಿಗೆ 100 ಮಿಲಿ ಇಳಿಸಿ. ಹತ್ತು ನಿಮಿಷದಲ್ಲಿ ನೀರು ತಳದಲ್ಲಿ ಬೇರೆಯಾಗಿ ನಿಲ್ಲುತ್ತದೆ. ನೀರಿಲ್ಲದಿದ್ದರೆ ಫಿಲ್ಟರ್ ಬದಲಿಸಿ, ಆಮೇಲೆ ಟ್ಯಾಂಕ್ ಕಡೆಯ ಪೈಪ್ ಗಾಳಿ ಎಳೆಯುತ್ತಿದೆಯೇ ನೋಡಿ. ಸ್ಟಾರ್ಟರ್ ತಿರುಗಿದರೂ ಎಂಜಿನ್ ಹಿಡಿಯದೆ ಪ್ರೆಶರ್ ನೂರು ಬಾರ್ ಕೆಳಗೇ ಉಳಿದರೆ ಇಂಜೆಕ್ಟರ್ ರಿಟರ್ನ್ (ಇಂಜೆಕ್ಟರ್‌ನಿಂದ ಟ್ಯಾಂಕಿನತ್ತ ಮರಳುವ ಡೀಸೆಲ್) ಅಳೆಯಬೇಕು: ನಾಲ್ಕೂ ಇಂಜೆಕ್ಟರ್‌ಗಳ ರಿಟರ್ನ್ ಪೈಪ್ ತೆಗೆದು, ಒಂದೇ ಅಳತೆಯ ಬಾಟಲಿ ಕಟ್ಟಿ, ಸ್ಟಾರ್ಟರ್ ತಿರುಗಿಸಿ. ಒಂದರಲ್ಲಿ ಮಾತ್ರ ದುಪ್ಪಟ್ಟು ತುಂಬಿದರೆ ಕಳ್ಳ ಅವನೇ. ಎಂಜಿನ್ ಓಡುವಾಗ ಮಾತ್ರ ಹೈ ಪ್ರೆಶರ್ ಪೈಪ್‌ನ ನಟ್ ಯಾವ ಕಾರಣಕ್ಕೂ ಸಡಿಲಿಸಬೇಡಿ. ಅಷ್ಟು ಒತ್ತಡದ ಡೀಸೆಲ್ ಚರ್ಮ ಸೀಳಿ ಒಳಗೆ ಹೋಗುತ್ತದೆ, ಗಾಯ ಸಣ್ಣದಾಗಿ ಕಂಡರೂ ಕೈ ಕಳೆದುಕೊಳ್ಳುವ ಅಪಾಯವಿದೆ.

ಇಜಿಆರ್‌ಗೆ (ಹೊಗೆಯ ಒಂದು ಪಾಲನ್ನು ಎಂಜಿನ್‌ಗೆ ಮರಳಿ ಬಿಡುವ ವ್ಯವಸ್ಥೆ) ತಗಡು ಹೊಡೆದು ಮುಚ್ಚಿದವರು, ಅದರ ಹರಿವು ಸಾಲದು ಎನ್ನುವ ಪಿ0401 ಕೋಡ್ ಬಂದಾಗಲೆಲ್ಲ ಇದರಲ್ಲಿ ಅಳಿಸುತ್ತಾ ಕೂರುತ್ತಾರೆ. ಅದು ವ್ಯರ್ಥ, ಎರಡು ಮೂರು ಓಡಾಟದಲ್ಲಿ ಕೋಡ್ ಮರಳಿ ಬರುತ್ತದೆ. ಹೊಗೆ ನಿಯಮಕ್ಕೂ ವಿರುದ್ಧ. ವಾಲ್ವ್ ಬಿಚ್ಚಿ ಮಸಿ ತೊಳೆಯುವುದೇ ಸರಿಯಾದ ದಾರಿ. ಸ್ನಾರ್ಕೆಲ್ (ಎಂಜಿನ್‌ಗೆ ಎತ್ತರದಿಂದ ಗಾಳಿ ಎಳೆಯುವ ಕೊಳವೆ) ಹಾಕಿಸಿದವರೂ ನೆನಪಿಡಿ: ಅದರ ಜಾಯಿಂಟ್‌ನಿಂದ ನೀರು ಒಳಗೆ ಬರುತ್ತಿದ್ದರೆ ಈ ಸ್ಕ್ಯಾನರ್ ಮುಂಚಿತವಾಗಿ ಹೇಳುವುದಿಲ್ಲ. ಹೊಳೆ ದಾಟಿದ ಮೇಲೆ ಏರ್ ಫಿಲ್ಟರ್ ಡಬ್ಬಿ ತೆಗೆದು ಕೈಯಿಂದಲೇ ಮುಟ್ಟಿ ನೋಡಬೇಕು.

ಕೊರತೆಗಳೂ ಇವೆ. ಒಮ್ಮೆಗೇ ಹತ್ತು ಅಂಕಿ ಕೇಳಿದರೆ ಎಲ್ಲವೂ ನಿಧಾನವಾಗಿ, ಒಂದಕ್ಕೊಂದು ತಾಳೆಯಾಗದೆ ಬರುತ್ತವೆ. ಆರ್‌ಪಿಎಂ, ಮ್ಯಾಪ್, ರೈಲ್ ಪ್ರೆಶರ್ ಮೂರೇ ಇಟ್ಟುಕೊಳ್ಳಿ. ಎಬಿಎಸ್, ಏರ್‌ಬ್ಯಾಗ್, ಹೊಸ ಇಂಜೆಕ್ಟರ್ ಕೋಡಿಂಗ್ ಇದರ ಕೈಲಾಗದು. ವೋಲ್ಟೇಜ್ ಅಂಕಿಯನ್ನು ಒಮ್ಮೆ ಮಲ್ಟಿಮೀಟರ್ ಜೊತೆ ಹೋಲಿಸಿಕೊಳ್ಳಿ, ಸ್ವಲ್ಪ ವ್ಯತ್ಯಾಸ ಇರುತ್ತದೆ. ಕುಲುಕಾಟಕ್ಕೆ ಅಡಾಪ್ಟರ್ ಜಾರಿ ಸಂಪರ್ಕ ತಪ್ಪುವುದು, ಮೊಣಕಾಲು ತಗುಲಿ ಸಾಕೆಟ್ ಸೀಳುವುದು ಆಫ್‌ರೋಡ್‌ನಲ್ಲಿ ಮಾಮೂಲಿ. ಅರ್ಧ ಮೀಟರ್ ಎಕ್ಸ್‌ಟೆನ್ಷನ್ ಕೇಬಲ್ ಹಾಕಿ ಡ್ಯಾಶ್ ಕೆಳಗೆ ಟೈ ಕಟ್ಟಿದರೆ ಆ ತೊಂದರೆ ತಪ್ಪುತ್ತದೆ. ಕೀ ಆಫ್ ಮಾಡಿದರೂ ಇದು ಕರೆಂಟ್ ಎಳೆಯುತ್ತಲೇ ಇರುತ್ತದೆ. 40 ಮಿಲಿಆಂಪ್ ಎಂದು ಹಿಡಿದರೂ ದಿನಕ್ಕೆ ಒಂದು ಆಂಪ್-ಅವರ್ ಆಯಿತು, ಮಳೆಗಾಲದಲ್ಲಿ ತಿಂಗಳುಗಟ್ಟಲೆ ಶೆಡ್ಡಿನಲ್ಲಿ ನಿಲ್ಲುವ ಜೀಪಿನ ಬ್ಯಾಟರಿ ಕುಳಿತುಬಿಡಲು ಅಷ್ಟು ಸಾಕು. ಕೆಲಸ ಮುಗಿದ ಕೂಡಲೇ ಕಿತ್ತು ಗ್ಲೋವ್ ಬಾಕ್ಸ್‌ನಲ್ಲಿಡಿ.